ಟೈರಿನಡಿ ಉಳಿದ ನಿಂಬೆಹಣ್ಣು

ಕಳೆದ ತಿಂಗಳು ಮಗಳು ಸೈಬರ್‌ಜಯಾದಿಂದ ಬಂದಾಗ, ಅವಳು ಕಾರನ್ನು ಪೋರ್ಚಿಗೆ ಹತ್ತಿಸುವ ಸದ್ದಿಗೇ ನನಗೆ ವಿಷಯ ಗೊತ್ತಾಗಿತ್ತು. ಗೇಟಿನ ಹತ್ತಿರದ ಸಣ್ಣ ಏರಿನಲ್ಲಿ ಇಂಜಿನ್ ಜೋರಾಗಿ ಕೂಗಿತು. ಕಾರು ಮಾತ್ರ ಬರಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಆಮೇಲೆ ಮುಂದೆ ಬಂತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಾರುತ್ತಿದೆ ಎನ್ನುವುದು ಇದಕ್ಕೇ. ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಪ್ಲೇಟುಗಳು ಒಂದನ್ನೊಂದು ಒತ್ತಿ ಹಿಡಿಯಬೇಕು. ಸವೆದ ಪ್ಲೇಟು ಹಿಡಿಯುವುದಿಲ್ಲ, ಜಾರುತ್ತದೆ. ಆಗ ಇಂಜಿನ್ ಎಷ್ಟು ದುಡಿದರೂ ಅದರ ದುಡಿಮೆ ಚಕ್ರಕ್ಕೆ ಮುಟ್ಟುವುದಿಲ್ಲ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಆದರೆ ಈ ಒಂದು ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಲಯ ದೇಶದ ಈ ಬಂದರು ಊರು ಕ್ಲಾಂಗಿನಲ್ಲಿ ಸ್ವಂತ ವರ್ಕ್‌ಶಾಪ್ ಇದೆ, ಕೈಕೆಳಗೆ ಜನರಿದ್ದಾರೆ, ಈಗಲೂ ಬೆಳಗ್ಗೆ ಶಟರ್ ಎತ್ತುವವನು ನಾನೇ.

“ಪಪ್ಪಾ, ಗೇರ್ ಆಯಿಲ್ ಚೇಂಜ್ ಮಾಡು ಲಾ. ಇಲ್ಲೇ ಪೋರ್ಚಲ್ಲೇ ಆಗುತ್ತೆ. ವಿಡಿಯೋದಲ್ಲಿ ತೋರಿಸ್ತಾರೆ, ಸೋ ಸಿಂಪಲ್.”

“ಆಮೇಲೆ ಕಾರು ತಳ್ಳಲಿಕ್ಕೆ ಆ ವಿಡಿಯೋದವನು ಬರ್ತಾನಾ?”

“ವೈ ಸೋ ಡ್ರಾಮಾ? ಬರೀ ಎಣ್ಣೆ ತಾನೆ?”

ಬಾನೆಟ್ ಎತ್ತಿ, ಗೇರ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಮೂಸಿದೆ. ಸೀದ ಒಗ್ಗರಣೆಯ ವಾಸನೆ, ಬಣ್ಣ ಕಾಡಿಗೆಯಂತೆ ಕಪ್ಪು. ಕಡ್ಡಿಯನ್ನು ಇದ್ದಲ್ಲೇ ಸೇರಿಸಿ, ನಾಳೆ ವರ್ಕ್‌ಶಾಪಿಗೆ ಒಯ್ದು ಪೂರ್ತಿ ಬಿಚ್ಚುತ್ತೇನೆ, ಬರೀ ಎಣ್ಣೆ ಮಾತ್ರ ಬದಲಿಸುವುದಿಲ್ಲ ಅಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಬೇರೆ ಯಾರ ಪೋರ್ಚಿನಲ್ಲಿ ಬೇಕಾದರೂ ಕಾರಿನಡಿ ಮಲಗುವ ಅಪ್ಪ, ಮನೆಯ ಪೋರ್ಚಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಏಕೆ ಮುಟ್ಟುವುದಿಲ್ಲ ಎಂದು ಅವಳಿಗೆ ನಾನು ಹೇಳಿಲ್ಲ. ಹೇಳಬೇಕಾದರೆ ನನ್ನ ಅಪ್ಪಯ್ಯನಿಂದ ಶುರು ಮಾಡಬೇಕು, ಆ ಮನೆಯಿಂದ ಶುರು ಮಾಡಬೇಕು.

ನಾವು ಬೆಳೆದದ್ದು ಕ್ಲಾಂಗಿನ ಒಂದು ಸಾಲುಮನೆಯಲ್ಲಿ. ಗೋಡೆಯ ಈ ಬದಿ ನಾವು, ಆ ಬದಿ ಲಾರಿ ಓಡಿಸುವ ಸೆಲ್ವಂ ಮಾಮ. ಅವರು ಅಲ್ಲಿ ಕೆಮ್ಮಿದರೆ ಅಮ್ಮ ಇಲ್ಲಿಂದ ಕಾಳುಮೆಣಸಿನ ಕಷಾಯ ಕುಡಿಯಲು ಹೇಳುತ್ತಿದ್ದಳು. ಇಲ್ಲಿ ಬಂಗುಡೆ ಹುರಿದರೆ ಅಲ್ಲಿಂದ ತಟ್ಟೆ ಬರುತ್ತಿತ್ತು. ಪುನರ್ಪುಳಿ ಸಿಗದ ಊರಿನಲ್ಲಿ ಅಮ್ಮ ಮಲಯರ ಅಂಗಡಿಯ ಒಣಹುಳಿಯ ತುಂಡು ಹಾಕಿ ಸಾರು ಮಾಡಿ, ಒಂದೊಂದು ಸಲವೂ ಇದು ಅದಲ್ಲ ಎಂದು ಹೇಳಿಯೇ ಬಡಿಸುತ್ತಿದ್ದಳು. ಒಳಗೆ ಎರಡೇ ಕೋಣೆ. ಒಂದರಲ್ಲಿ ಅಮ್ಮನ ಹೊಲಿಗೆ ಮೆಷಿನ್ನು ಮತ್ತು ನನ್ನ ಒಡಹುಟ್ಟಿದ ವನಜಕ್ಕನ ಪುಸ್ತಕ, ಇನ್ನೊಂದರಲ್ಲಿ ಉಳಿದದ್ದೆಲ್ಲ. ನಿಜವಾಗಿ ನಮ್ಮ ಮನೆಯ ದೊಡ್ಡ ಕೋಣೆ ಅಂದರೆ ಪೋರ್ಚು, ಆ ಕೋಣೆಯ ಯಜಮಾನ ಅಂದರೆ ಕಾರು. ಅದರ ಬಾನೆಟ್ಟಿನ ಮೇಲೆ ಬೆಳಗಿನ ಬಿಸಿಲಿಗೆ ಹಪ್ಪಳ ಒಣಗುತ್ತಿತ್ತು. ಸಂಜೆಯ ಮಳೆಯಲ್ಲಿ ನೆನೆದ ನಮ್ಮ ಶಾಲೆಯ ಬಿಳಿ ಶೂಗಳನ್ನು, ಅಪ್ಪಯ್ಯ ಕೆಲಸದಿಂದ ಬಂದ ಕೂಡಲೇ, ಇನ್ನೂ ಬಿಸಿಯಿರುವ ಅದೇ ಬಾನೆಟ್ಟಿನ ಮೇಲೆ ಮಗುಚಿ ಇಡುತ್ತಿದ್ದೆವು. ಭಾನುವಾರ ಆ ಶೂಗಳಿಗೆ ಸುಣ್ಣದಂಥ ಬಿಳಿ ಹಚ್ಚುವ ಕೆಲಸ ಅಪ್ಪಯ್ಯನದು. ಬೇರೆ ಯಾರು ಹಚ್ಚಿದರೂ ಅವರಿಗೆ ಸಮಾಧಾನವಿಲ್ಲ, ಅಂಚಿನಲ್ಲಿ ಒಂದು ಕಡೆ ಬಿಟ್ಟುಹೋದರೂ ಹೇಳುತ್ತಿದ್ದರು, “ಅರ್ಧ ಕೆಲಸ ಮಾಡುವವ ಮಾಡದವನಿಗಿಂತ ಕಡೆ.”

ಅಪ್ಪಯ್ಯ ಬಂದರಿನಲ್ಲಿ ಸರಕು ಸಾಗಣೆಯ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನು ಸಣ್ಣವನಿರುವಾಗ ದಕ್ಕೆಯಲ್ಲಿ ಒಂದು ಮರದ ಪೆಟ್ಟಿಗೆ ಉರುಳಿ ಅವರ ಎಡಗಾಲು ಹೋಯಿತು. ಕಾಲು ಉಳಿಯಿತು, ಅದರ ಬಲ ಹೋಯಿತು ಎನ್ನಬೇಕು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳು, ಮೊಣಕಾಲಿನ ಹತ್ತಿರ ಒಂದು ಕೀಲು. ಇದನ್ನು ಕಟ್ಟಿಕೊಂಡರೆ ನಡಿಗೆ. ಮನೆಯಲ್ಲಿ ನಾವು ಅದಕ್ಕೆ ಬರೀ ‘ಪಟ್ಟಿ’ ಎನ್ನುತ್ತಿದ್ದೆವು. ಪಟ್ಟಿ ಕಟ್ಟಿದ ಕಾಲಿನಿಂದ ಕ್ಲಚ್ ಒತ್ತಲು ಆಗುವುದಿಲ್ಲ. ಹಾಗಾಗಿ ನಮ್ಮ ಬೀದಿಯಲ್ಲಿ ಯಾರ ಹತ್ತಿರವೂ ಇಲ್ಲದ ಆಟೋಮ್ಯಾಟಿಕ್ ಕಾರು ನಮ್ಮ ಮನೆಗೆ ಬಂತು. ಯಾರೋ ಬಳಸಿ ಬಿಟ್ಟದ್ದು, ಜಪಾನಿನದು, ಎಡಗಾಲಿಗೆ ಕೆಲಸವೇ ಇಲ್ಲದ್ದು.

“ಅಣ್ಣೇ, ಇದು ಕಾರಾ ಸೋಫಾನಾ? ಕೂತ್ಕೊಂಡರೆ ತಾನಾಗಿಯೇ ಹೋಗ್ತದೆ!” ಸೆಲ್ವಂ ಮಾಮ ಗೋಡೆಯಾಚೆಯಿಂದ ಕೆಣಕುತ್ತಿದ್ದರು. ನಮ್ಮ ಜೊತೆ ಇದ್ದೂ ಇದ್ದೂ ಅವರ ತಮಿಳು ಅರ್ಧ ಕನ್ನಡವಾಗಿತ್ತು.

“ನಿನ್ನ ಲಾರಿಗೆ ಎರಡು ಕಾಲು ಬೇಕು ಮಾರಾಯ. ನನ್ನದಕ್ಕೆ ತಲೆ ಒಂದಿದ್ದರೆ ಸಾಕು.”

ಆ ಕಾರಿನಲ್ಲಿ ಕೂತ ಮೇಲೆ ಅಪ್ಪಯ್ಯ ಕುಂಟರಲ್ಲ. ಬಾಗಿಲು ತೆಗೆಯಲು ಯಾರಾದರೂ ಹೋದರೆ ರೇಗುತ್ತಿದ್ದರು. ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಬಾಗಿಲು ಎಳೆದುಕೊಂಡು, ಮೀಸೆಯನ್ನು ಒಮ್ಮೆ ಕನ್ನಡಿಯಲ್ಲಿ ನೋಡಿ ಹೊರಟರೆ, ಬಂದರಿನ ಗೇಟಿನವರೆಗೆ ಅವರು ಯಾರ ಹಂಗಿನಲ್ಲೂ ಇರಲಿಲ್ಲ. ಅವರ ದಿನವಿಡೀ ಇನ್ನೊಬ್ಬರ ಕೈ ಹಿಡಿಯಬೇಕಾದ ಸಂದರ್ಭಗಳೇ. ಮೆಟ್ಟಿಲು, ಚರಂಡಿ, ಬಸ್ಸು, ದೇವಸ್ಥಾನದ ಹೊಸ್ತಿಲು. ಕಾರಿನೊಳಗೆ ಮಾತ್ರ ಆ ಕೈ ಬೇಕಾಗಿರಲಿಲ್ಲ. ಇದು ನಮಗೆ ಯಾರೂ ಹೇಳಿದ್ದಲ್ಲ, ಅನ್ನ ಬಿಸಿ ಎಂದು ತಿಳಿದ ಹಾಗೆ ತಿಳಿದದ್ದು.

ಆ ಕಾರು ಜಾರಲು ಶುರುವಾದದ್ದು ಹೊಳೆಯ ಸೇತುವೆಯ ಏರಿನಲ್ಲಿ. ಹಿಂದಿನ ಸೀಟಿನಲ್ಲಿ ವನಜಕ್ಕ ಮತ್ತು ನಾನಿದ್ದೆವು. ಇಂಜಿನ್ನಿನ ಸದ್ದು ಏರಿತು, ಕಾರು ಏರಲಿಲ್ಲ. ಹಿಂದೆ ಹಾರ್ನುಗಳು. ಅಪ್ಪಯ್ಯ ಕಾಲು ಸಡಿಲಿಸಿ, ಮೆಲ್ಲಗೆ ಮತ್ತೆ ಒತ್ತಿ, ಹೇಗೋ ಹತ್ತಿಸಿದರು.

“ಇಂಜಿನ್ ಕೂಗ್ತಾ ಉಂಟು. ಚಕ್ರಕ್ಕೆ ಕೇಳುವುದಿಲ್ಲ,” ಅಂದರು.

ಆ ಮಾತು ನಮ್ಮ ಮನೆಯ ಗಾದೆಯಾಯಿತು. ಮೂರು ಸಲ ಕರೆದರೂ ನಾನು ಊಟಕ್ಕೆ ಏಳದಿದ್ದರೆ ಅಮ್ಮ, “ಇಂಜಿನ್ ಕೂಗ್ತಾ ಉಂಟು,” ಎನ್ನುತ್ತಿದ್ದಳು. ವನಜಕ್ಕ ಪುಸ್ತಕದಿಂದ ತಲೆ ಎತ್ತದೆ, “ಚಕ್ರಕ್ಕೆ ಕೇಳುವುದಿಲ್ಲ,” ಎಂದು ಮುಗಿಸುತ್ತಿದ್ದಳು. ಅಪ್ಪಯ್ಯ ಕಾರನ್ನು ಲಿಯೋಂಗ್ ಎಂಬವರ ಹತ್ತಿರ ತೋರಿಸಿದರು. ಗೇರ್‌ಬಾಕ್ಸ್ ಮಾತ್ರ ಮಾಡುವ, ದೊಗಳೆ ಚಡ್ಡಿಯ, ಸದಾ ಹಲ್ಲುಕಡ್ಡಿ ಕಚ್ಚಿರುವ ಚೀನೀ ಮುದುಕ. ಅಪ್ಪಯ್ಯ ಅವರನ್ನು ಟೌಕೆ, ಅಂದರೆ ಯಜಮಾನ ಎಂದೇ ಕರೆಯುತ್ತಿದ್ದರು. ಟೌಕೆ ಕಡ್ಡಿ ಎಳೆದು ಮೂಸಿ, ಅರ್ಧ ಮಲಯ ಅರ್ಧ ಕೈಸನ್ನೆಯಲ್ಲಿ ಹೇಳಿದ್ದು ಇಷ್ಟು: ಪ್ಲೇಟು ಬೋಳಾಗಿದೆ. ಬದಲಿಸಬೇಕಾದರೆ ಪೂರ್ತಿ ಬಿಚ್ಚಬೇಕು. ಅಲ್ಲಿಯವರೆಗೆ ಹಳೆಯ ಎಣ್ಣೆಯ ತಂಟೆಗೆ ಹೋಗಬೇಡಿ, ಕಡಿಮೆಯಾದರೆ ಸ್ವಲ್ಪ ಸೇರಿಸಿ ಅಷ್ಟೇ. “ಜಾಂಗಾನ್ ಕಾಚಾವ್ ಲಾ,” ಕೆದಕಬೇಡಿ, ಎಂದು ಎರಡೆರಡು ಸಲ ಹೇಳಿದರು. ಏಕೆ ಎಂದು ಅಪ್ಪಯ್ಯ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಅಪ್ಪಯ್ಯ ಬೆಳಗ್ಗೆ ಬೇಗ ಹೊರಟು, ಏರಿಲ್ಲದ ಸುತ್ತುದಾರಿ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಕಾರು ಓಡಿಸತೊಡಗಿದರು. ಹಾಗೆಯೇ ಇನ್ನೂ ಬಹಳ ಕಾಲ ಓಡುತ್ತಿತ್ತೋ ಏನೋ. ಅಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆ ಅಂದರೆ ಅಮ್ಮನಿಗೆ ಇಡೀ ವರ್ಷದ ದೊಡ್ಡ ಹಬ್ಬ. ಹಿಂದಿನ ದಿನವೇ ಮನೆಯ ಒಂದೊಂದು ಉಪಕರಣವೂ ಪೋರ್ಚಿಗೆ ಬರಬೇಕು. ಹೊಲಿಗೆ ಮೆಷಿನ್ನು, ರುಬ್ಬುವ ಕಲ್ಲಿನ ಗುಂಡು, ತೆಂಗಿನಕಾಯಿ ತುರಿಯುವ ಮಣೆ, ಕತ್ತಿ, ನಮ್ಮ ಕಂಪಾಸು ಪೆಟ್ಟಿಗೆ, ಕಾರಿನ ಜ್ಯಾಕು, ಸ್ಪ್ಯಾನರುಗಳು. ಎಲ್ಲವನ್ನೂ ತೊಳೆದು, ಒರೆಸಿ, ಕೀಲಿದ್ದಲ್ಲಿ ಹೊಸ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ ಸಾಲಾಗಿ ಇಡುವುದು. ಆ ಸಾಲಿನ ಕೊನೆಗೆ ಅಪ್ಪಯ್ಯನ ಪಟ್ಟಿ. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಗಿನ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ. ಹಾಗಾಗಿ ವರ್ಷಕ್ಕೆ ಒಂದು ದಿನ ನಮ್ಮ ಅಪ್ಪಯ್ಯನಿಗೆ ಕಾಲಿರಲಿಲ್ಲ, ಕಾರೂ ಇರಲಿಲ್ಲ. ಕುರ್ಚಿಯಲ್ಲಿ ಕೂತಿರುತ್ತಿದ್ದರು, ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿದು ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತಿದ್ದರು. ನಾವು ನಕ್ಕರೆ ಅವರೂ ನಗುತ್ತಿದ್ದರು. ಅವರ ಕಾಲಿನ ವಿಷಯಕ್ಕೆ ನಮ್ಮ ಮನೆಯಲ್ಲಿ ನಗಲು ಪರವಾನಿಗೆ ಇದ್ದದ್ದು ಆ ಒಂದು ದಿನ.

ಆ ವರ್ಷ, ಪಟ್ಟಿಯ ಕೀಲಿಗೆ ಎಣ್ಣೆ ಬಿಡುತ್ತಾ ಅಮ್ಮ ಕಾರಿನ ಕಡೆ ನೋಡಿದಳು.

“ಎಲ್ಲದಕ್ಕೂ ಹೊಸ ಎಣ್ಣೆ ಬಿಟ್ಟಾಯ್ತು. ಕಾರಿನ ಹೊಟ್ಟೆಯಲ್ಲಿ ಮಾತ್ರ ಆ ಕರಿ ಕೊಚ್ಚೆ. ನಿನ್ನೆಯ ಎಣ್ಣೆಯಲ್ಲಿ ದೀಪ ಹಚ್ಚುವುದುಂಟಾ?”

“ಅದನ್ನು ಮುಟ್ಟಬಾರದು ಅಂತ ಟೌಕೆ ಹೇಳಿದ್ದಾನೆ ಮಾರಾಯ್ತಿ.”

“ಟೌಕೆಗೆ ಆಯುಧಪೂಜೆ ಗೊತ್ತುಂಟಾ? ಕೊಳೆ ತುಂಬಿದ್ದಕ್ಕೇ ಅದು ಜಾರ್ತಾ ಇರುವುದು. ಕೊಳೆ ತೆಗೆದರೆ ಯಾವ ಯಂತ್ರ ಹಾಳಾಗ್ತದೆ, ಹೇಳಿ ನೋಡುವ.”

ಹದಿನೈದು ವರ್ಷದ ನಾನು, ಪಕ್ಕದ ಮನೆಯ ಲಾರಿಯ ಇಂಜಿನ್ ಆಯಿಲನ್ನು ನಾಲ್ಕಾರು ಸಲ ಬದಲಿಸಿದ್ದವನು, ನಡುವೆ ಬಾಯಿ ಹಾಕಿದೆ.

“ನಾನು ಮಾಡ್ತೇನೆ ಅಪ್ಪಯ್ಯ. ಕೆಳಗಿನ ತಟ್ಟೆ ಬಿಚ್ಚಿದರೆ ಆಯ್ತು.”

ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. “ಮಾಡುವುದಾದರೆ ಪೂರ್ತಿ ಮಾಡು,” ಅಂದರು. “ಒಂದು ಹನಿ ಹಳೆಯದು ಉಳಿಯಬಾರದು. ಅರ್ಧ ಕೆಲಸ ಬೇಡ.”

ನಾನು ಪೂರ್ತಿಯೇ ಮಾಡಿದೆ. ಕಾರಿನಡಿ ಚಾಪೆ ಹಾಸಿ ಮಲಗಿ ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದೆ. ಅದರ ತಳದಲ್ಲಿ ಉದ್ದು ರುಬ್ಬಿದಷ್ಟು ನುಣ್ಣಗಿನ ಕರಿ ಕೆಸರು. ಬೆರಳಿನಿಂದ ಬಳಿದು, ಸೀಮೆಎಣ್ಣೆಯಲ್ಲಿ ತೊಳೆದು, ಅಮ್ಮನ ಹಳೆ ಸೀರೆಯ ತುಂಡಿನಿಂದ ಕನ್ನಡಿಯಂತೆ ಒರೆಸಿ ಮತ್ತೆ ಕೂರಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳಗೆ ಇನ್ನರ್ಧ ಹಳೆ ಎಣ್ಣೆ ಉಳಿಯುತ್ತಿತ್ತು, ಕಾರು ಬದುಕುತ್ತಿತ್ತೇನೋ. ಆದರೆ ಒಂದು ಹನಿಯೂ ಉಳಿಯಬಾರದಲ್ಲ? ರೇಡಿಯೇಟರಿಗೆ ಹೋಗುವ ಎಣ್ಣೆಯ ಕೊಳವೆ ಬಿಚ್ಚಿ ಬಕೆಟ್ಟಿಗೆ ಬಿಟ್ಟು, ವನಜಕ್ಕನಿಗೆ ಇಂಜಿನ್ ಚಾಲೂ ಮಾಡಲು ಹೇಳಿ, ಮೇಲಿನಿಂದ ಹೊಸತು ಸುರಿಯುತ್ತಾ ಕೆಳಗಿನಿಂದ ಹಳೆಯದನ್ನು ಹೊರಗೆ ಬರಿಸಿದೆ. ಕಪ್ಪು ಕಂದಾಯಿತು, ಕಂದು ತಿಳಿಯಾಯಿತು, ಕೊನೆಗೆ ಬಕೆಟ್ಟಿಗೆ ಬೀಳುವ ಧಾರೆ ಕೆಂಪಾಯಿತು.

“ಅಬ್ಬ, ಕುಂಕುಮದ ನೀರಿನ ಹಾಗೆ ಉಂಟು!” ಅಮ್ಮ ಕೈ ಮುಗಿದಳು. ಅಪ್ಪಯ್ಯ ಕುರ್ಚಿಯಿಂದಲೇ ಕಡ್ಡಿ ತರಿಸಿ ನೋಡಿ, “ಇದು ಕೆಲಸ,” ಅಂದರು. ಅವರ ಬಾಯಿಂದ ಆ ಮಾತು ಅಗ್ಗಕ್ಕೆ ಬರುತ್ತಿರಲಿಲ್ಲ. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಪೂಜೆಯಾಯಿತು. ಕಾರಿಗೆ ಚೆಂಡುಹೂವಿನ ಮಾಲೆ, ನಾಲ್ಕು ಟೈರಿಗೆ ಕುಂಕುಮ, ಪ್ರತಿ ಟೈರಿನ ಮುಂದೆ ಒಂದೊಂದು ನಿಂಬೆಹಣ್ಣು. ಮರುದಿನ ಬೆಳಗ್ಗೆ ಮಂಗಳಾರತಿ ಮಾಡಿ ಪಟ್ಟಿಯನ್ನು ಅಪ್ಪಯ್ಯನ ಕೈಗೆ ಕೊಟ್ಟೆವು. ಅವರು ಕಟ್ಟಿಕೊಂಡು, ಹೊಸ ಅಂಗಿ ತೊಟ್ಟು, ಕಾಲನ್ನು ಎತ್ತಿ ಒಳಗಿಟ್ಟು ಬಾಗಿಲು ಎಳೆದುಕೊಂಡರು. ಸೆಲ್ವಂ ಮಾಮನೂ ನೋಡಲು ಬಂದಿದ್ದರು. ಇಂಜಿನ್ ಚಾಲೂ ಆಯಿತು. ಅಪ್ಪಯ್ಯ ಗೇರಿನ ಕಡ್ಡಿಯನ್ನು ಮುಂದೆ ಹೋಗುವ ಡಿ ಅಕ್ಷರಕ್ಕೆ ಎಳೆದರು. ಏನೂ ಇಲ್ಲ. ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಕೂಗಿತು. ಹಿಂದಿನ ಗೇರಿಗೆ ಹಾಕಿದರು, ಮತ್ತೆ ಮುಂದಕ್ಕೆ ಹಾಕಿದರು, ಇಂಜಿನ್ ಅರಚಿತು. ಕಾರು ಒಂದು ಕೂದಲಿನಷ್ಟೂ ಕದಲಲಿಲ್ಲ. ನಾಲ್ಕು ನಿಂಬೆಹಣ್ಣೂ ಇಟ್ಟ ಹಾಗೆಯೇ ಇದ್ದವು, ಹಳದಿಗೆ, ದುಂಡಗೆ.

ಆ ಗಾದೆಯನ್ನು ಆ ಹೊತ್ತಿನಲ್ಲಿ ಯಾರೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.

“ನಿಂಬೆ ಒಡೆಯದೆ ಬಿಡಬಾರದು,” ಅಮ್ಮ ಕೊನೆಗೆ ಅಳುವ ದನಿಯಲ್ಲಿ ಅಂದಳು. ಸೆಲ್ವಂ ಮಾಮ, ವನಜಕ್ಕ, ನಾನು ಹಿಂದಿನಿಂದ ತಳ್ಳಿದೆವು. ಅಪ್ಪಯ್ಯ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದರು. ನಾಲ್ಕು ಸಲ ಪಿಚಕ್ ಎಂದಿತು. ಆಮೇಲೆ ಕಾರನ್ನು ಮತ್ತೆ ಹಿಂದಕ್ಕೆ ತಳ್ಳಿ ಪೋರ್ಚಿನಲ್ಲಿ ನಿಲ್ಲಿಸಿದೆವು.

ಮಧ್ಯಾಹ್ನ ಟೌಕೆ ಬಂದು ಕಡ್ಡಿ ನೋಡಿ, ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದರು. ಅಂದು ಅವರು ಏಕೆ ಎನ್ನುವುದನ್ನೂ ಹೇಳಿದರು. ಬೋಳು ಪ್ಲೇಟುಗಳಿಗೆ ಹಿಡಿತ ಇದ್ದದ್ದೇ ಆ ಕರಿ ಕೆಸರಿನಿಂದ. ಪ್ಲೇಟಿನಿಂದ ಸವೆದು ಬಿದ್ದ ಪುಡಿ ಎಣ್ಣೆಯಲ್ಲಿ ಸೇರಿ ಮರಳಿನ ಹಾಗೆ ಕಚ್ಚಿ ಹಿಡಿಯುತ್ತಿತ್ತು. ಹೊಸ ಎಣ್ಣೆ ನುಣುಪು, ಅದಕ್ಕೆ ಹಿಡಿತವಿಲ್ಲ. “ಮುದುಕನಿಗೆ ಎರಡು ಹಲ್ಲಿತ್ತು. ತಿಕ್ಕಿ ತಿಕ್ಕಿ ಅದನ್ನೂ ಉದುರಿಸಿದಿರಿ,” ಅಂದರು. ಯಾರು ಮಾಡಿದ್ದು ಎಂದು ಕೇಳಿದರು.

“ನಾನು ಮಾಡಿಸಿದ್ದು,” ಅಂದರು ಅಪ್ಪಯ್ಯ.

“ನಾನು ಹೇಳಿದ್ದು,” ಅಂದಳು ಅಮ್ಮ.

“ಇಂಜಿನ್ ಚಾಲೂ ಮಾಡಿದ್ದು ನಾನು,” ಅಂದಳು ವನಜಕ್ಕ.

ನನ್ನ ಉಗುರಿನ ಸಂದಿಯಲ್ಲಿ ಆ ಕಪ್ಪು ಇನ್ನೂ ಇತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ. ನಮ್ಮ ಮನೆಯಲ್ಲಿ ಮೀನಿನ ತುಂಡಿಗೆ ಜಗಳವಾಗುತ್ತಿತ್ತು, ತಪ್ಪಿಗೆ ಹೀಗೆ ಜಗಳವಾದದ್ದು ಅದೇ ಮೊದಲು. ಎಲ್ಲರೂ ಹಂಚಿಕೊಂಡು ಹೋದರು, ನನ್ನ ಪಾಲಿಗೆ ಉಳಿಸಲೇ ಇಲ್ಲ. ಒಂದು ಬೈಗುಳ ಬಿದ್ದಿದ್ದರೆ, ಒಂದು ಪೆಟ್ಟು ಬಿದ್ದಿದ್ದರೆ, ಅದು ಅಲ್ಲಿಗೆ ಮುಗಿಯುತ್ತಿತ್ತು. ಬೀಳಲಿಲ್ಲ.

ಸೋಮವಾರದಿಂದ ಅಪ್ಪಯ್ಯ ಸೆಲ್ವಂ ಮಾಮನ ಲಾರಿಯಲ್ಲಿ ಬಂದರಿಗೆ ಹೊರಟರು. ಲಾರಿಯ ಮೆಟ್ಟಿಲು ಸೊಂಟದಷ್ಟು ಎತ್ತರ. ಮೊದಲ ದಿನ ಅವರು ಬಾಗಿಲಿನ ಕಂಬಿ ಹಿಡಿದು ತಾವೇ ಹತ್ತಲು ನೋಡಿದರು, ಆಗಲಿಲ್ಲ. ಆಮೇಲೆ ಮೇಲಿನಿಂದ ಸೆಲ್ವಂ ಮಾಮ ಕಂಕುಳಿಗೆ ಕೈಹಾಕಿ ಎಳೆಯುವುದು, ಕೆಳಗಿನಿಂದ ನಾನು ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ಒಳಗೆ ನೂಕುವುದು. ಬೀದಿಯವರು ಆ ಹೊತ್ತಿಗೆ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಸೆಲ್ವಂ ಮಾಮ ಸೋಫಾದ ತಮಾಷೆ ನಿಲ್ಲಿಸಿಬಿಟ್ಟರು. ತಮಾಷೆ ನಿಂತದ್ದೇ ಅಪ್ಪಯ್ಯನಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. ಮೀಸೆ ನೋಡಿಕೊಳ್ಳಲು ಅವರಿಗೆ ಕನ್ನಡಿ ಇರಲಿಲ್ಲ. ನಾನು ಆ ಕಬ್ಬಿಣದ ಕಾಲನ್ನು ಎತ್ತುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ಅವರನ್ನು ಕಳಿಸಿ, ಬಿಳಿ ಶೂ ಹಾಕಿ ನಾನು ಶಾಲೆಗೆ ಹೋಗಬೇಕು. ಸ್ವಲ್ಪ ದಿನ ಹೋದೆ. ಆಮೇಲೆ ಶಾಲೆಯ ತಿರುವಿನಲ್ಲಿ ತಿರುಗದೆ ನೇರ ಹೋಗಿ ಟೌಕೆಯ ಶೆಡ್ಡಿನ ಮುಂದೆ ನಿಂತೆ. ಸಂಬಳ ಬೇಡ, ಕೆಲಸ ಕಲಿಸಿ, ನಮ್ಮ ಕಾರಿಗೆ ಪ್ಲೇಟು ಕೊಡಿ, ಅಂದೆ. ಅವರು ನನ್ನ ಸಮವಸ್ತ್ರ ನೋಡಿ, ಅಂಗಿ ಬಿಚ್ಚಿಟ್ಟು ಬಾ, ಬಿಳಿಯದು ಹಾಳಾಗ್ತದೆ, ಅಂದರು.

ಮನೆಗೆ ಗೊತ್ತಾದದ್ದು ಶಾಲೆಯಿಂದ ಯಾರೋ ವಿಚಾರಿಸಿಕೊಂಡು ಬಂದ ಮೇಲೆ. ಆ ಸಂಜೆ ಊಟಕ್ಕೆ ಕೂತಿದ್ದೆವು. ಅಮ್ಮ ಬಡಿಸಿದ ಸಾರು ಯಾರ ತಟ್ಟೆಯಲ್ಲೂ ಕಡಿಮೆಯಾಗಲಿಲ್ಲ.

“ನಾಳೆಯಿಂದ ಶಾಲೆಗೆ ಹೋಗ್ತಿ,” ಅಂದರು ಅಪ್ಪಯ್ಯ.

“ಕಾರು ಆದ ಮೇಲೆ ನೋಡುವ.”

“ಎಂತ ನೋಡುವುದು? ಅರ್ಧಕ್ಕೆ ಬಿಡುವುದನ್ನು ಯಾರು ಕಲಿಸಿದ್ದು ನಿನಗೆ?”

“ಗೇರ್‌ಬಾಕ್ಸು ಪೂರ್ತಿ ಮಾಡ್ತೇನೆ ಅಪ್ಪಯ್ಯ.”

“ನಿನ್ನ ಶಾಲೆ ಕೊಟ್ಟು ಓಡುವ ಕಾರನ್ನು ನಾನು ಹತ್ತುವವನಲ್ಲ. ಬರೆದಿಟ್ಟುಕೋ.”

“ಲಾರಿ ಹತ್ತುವುದನ್ನು ನನಗೆ ನೋಡಲಿಕ್ಕೆ ಆಗುವುದಿಲ್ಲ,” ಅಂದೆ.

ಹೇಳಿದ್ದು ಅಷ್ಟೇ. ವನಜಕ್ಕ ನನ್ನ ತೊಡೆ ಚಿವುಟಿದಳು, ಆದರೆ ಮಾತು ಆಗಲೇ ತಟ್ಟೆಗಳ ನಡುವೆ ಬಿದ್ದಿತ್ತು. ಅಪ್ಪಯ್ಯ ಕೈ ತೊಳೆಯಲು ಎದ್ದರು. ಪಟ್ಟಿಯ ಕೀಲು ಕಿರ್ ಎಂದು ಸದ್ದು ಮಾಡಿತು. ಅದಕ್ಕೆ ಎಣ್ಣೆ ಬಿಟ್ಟು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಆಮೇಲೆ ಅವರು ಶಾಲೆಯ ಮಾತೆತ್ತಲಿಲ್ಲ. ಆದರೆ ಪ್ರತಿ ಭಾನುವಾರ ಬಿಳಿ ಡಬ್ಬಿ ತೆಗೆದು, ವನಜಕ್ಕನ ಶೂ ಆದ ಮೇಲೆ, ನಾನು ಹಾಕದ ನನ್ನ ಶೂಗಳಿಗೂ ಹಚ್ಚಿ ಬಿಸಿಲಿಗೆ ಇಡುತ್ತಿದ್ದರು. ಮಣ್ಣೇ ಮುಟ್ಟದ ಶೂ. ಬಿಳಿಯ ಮೇಲೆ ಬಿಳಿ ಕೂತು ಪದರ ಬಿರಿಯತೊಡಗಿತ್ತು.

ಗೇರ್‌ಬಾಕ್ಸನ್ನು ಇಳಿಸಿದ್ದು, ಬಿಚ್ಚಿದ್ದು, ಕಟ್ಟಿದ್ದು ಎಲ್ಲ ನಮ್ಮ ಪೋರ್ಚಿನಲ್ಲಿ. ಶೆಡ್ಡಿಗೆ ಎಳೆದು ತಾ ಎಂದು ಟೌಕೆ ಹೇಳಿದ್ದರು, ನಾನೇ ಒಪ್ಪಲಿಲ್ಲ. ಕೆಟ್ಟದ್ದು ಎಲ್ಲಿಯೋ, ಸರಿಯಾಗಬೇಕಾದದ್ದೂ ಅಲ್ಲೇ ಎಂದು ಹಟ. ಸೆಲ್ವಂ ಮಾಮ ಲಾರಿಯ ಜ್ಯಾಕು, ಮರದ ದಿಮ್ಮಿ ತಂದು ಕಾರನ್ನು ಎತ್ತಿ ನಿಲ್ಲಿಸಿ, ಗೇರ್‌ಬಾಕ್ಸನ್ನು ಹಳೆ ಟೈರಿನ ಮೇಲೆ ಇಳಿಸಿಕೊಟ್ಟರು. ಬಿಚ್ಚಿದ ಭಾಗಗಳು ಕ್ರಮ ತಪ್ಪದಂತೆ ಅಮ್ಮನ ಸ್ಟೀಲಿನ ತಟ್ಟೆಗಳಲ್ಲಿ ಸಾಲಾಗಿ ಕೂತವು. ತಟ್ಟೆ ಸಾಲದೆ ನಾವು ಬಾಳೆಲೆಯಲ್ಲಿ ಉಂಡೆವು. ಹಳೆ ಪ್ಲೇಟುಗಳು ಹೊರಗೆ ಬಂದಾಗ ಅಮ್ಮ ಒಂದನ್ನು ಬೆರಳಿನಿಂದ ಸವರಿ, “ಪಾಪ, ನಮ್ಮ ಅಜ್ಜಿಯ ಅಂಗೈ ಹೀಗೆಯೇ ಇತ್ತು,” ಅಂದಳು. ಹೊಸ ಪ್ಲೇಟುಗಳನ್ನು ಹಾಕುವ ಮೊದಲು ಎಣ್ಣೆಯಲ್ಲಿ ನೆನೆಸಬೇಕು, ಒಣಗಿದ್ದನ್ನು ಹಾಗೇ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಟೌಕೆ ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. ಯಂತ್ರದ ವಿಷಯದಲ್ಲಿ ಅವಳಿಗೆ ತಟ್ಟನೆ ಅರ್ಥವಾದ ಮಾತು ಅದೊಂದೇ.

“ದೋಸೆ ಅಕ್ಕಿಯ ಹಾಗೆ. ನೆನೆಯದೆ ರುಬ್ಬಿದರೆ ತರಿ ತರಿ,” ಎನ್ನುತ್ತಾ ಇಡ್ಲಿ ಪಾತ್ರೆಯನ್ನೇ ತಂದಿಟ್ಟಳು. ಪ್ಲೇಟುಗಳನ್ನು ತಾನೇ ಒಂದೊಂದಾಗಿ ಮುಳುಗಿಸಿ ಮುಚ್ಚಳ ಮುಚ್ಚಿದಳು. ಎಣ್ಣೆ ಅದೇ ಕುಂಕುಮದ ಬಣ್ಣದ್ದು. ಈ ಸಲ ಅವಳು ಕೈ ಮುಗಿಯಲಿಲ್ಲ, ಬಣ್ಣದ ಮಾತೂ ಆಡಲಿಲ್ಲ. ಆ ಪಾತ್ರೆಯಲ್ಲಿ ಮತ್ತೆ ಇಡ್ಲಿ ಆಗಲೇ ಇಲ್ಲ. ಅಪ್ಪಯ್ಯ ಕೆಲಸದಿಂದ ಬಂದು, ಲಾರಿಯಿಂದ ಇಳಿದು, ಈ ಎಲ್ಲದರ ನಡುವಿನಿಂದ ಏನೂ ಕಾಣದವರ ಹಾಗೆ ಒಳಗೆ ಹೋಗುತ್ತಿದ್ದರು. ಒಂದು ಸಂಜೆ ಮಾತ್ರ, ಕಣ್ಣಿಗೆ ಬೀಳದಂಥ ಒಂದು ಸಣ್ಣ ಸ್ಪ್ರಿಂಗು ತಟ್ಟೆಯಿಂದ ಉರುಳಿ ಚರಂಡಿಯ ಕಡೆ ಹೋಗುತ್ತಿದ್ದಾಗ, ಅದನ್ನು ತಡೆದದ್ದು ಅವರ ಕಬ್ಬಿಣದ ಕಾಲಿನ ಬೂಟು. ತಡೆದು, ನಾನು ಎತ್ತಿಕೊಳ್ಳುವವರೆಗೆ ಹಾಗೇ ನಿಂತಿದ್ದು, ಒಳಗೆ ಹೋದರು. ಎಲ್ಲ ಜೋಡಿಸಿ ಮುಗಿದ ದಿನ ಟೌಕೆ ಬಂದು, ಕೆಳಗೆ ತೂರಿ, ಕೈಯಾಡಿಸಿ ನೋಡಿ, “ಬೋಲೆ,” ಆಗಬಹುದು, ಅಂದರು. ಹೊಗಳಿಕೆಯಲ್ಲಿ ಅವರೂ ಅಪ್ಪಯ್ಯನ ಹಾಗೆಯೇ ಜಿಪುಣ.

ಭಾನುವಾರ ಬೆಳಗ್ಗೆ ಅಮ್ಮ ಕೇಳದೆಯೇ ನಾಲ್ಕು ನಿಂಬೆಹಣ್ಣು ಇಟ್ಟಳು. ಇಟ್ಟು, ಬಾಗಿಲಿನ ಕಡೆ ನೋಡುತ್ತಾ ನಿಂತಳು. ಹ್ಯಾಂಗರಿನಲ್ಲಿ ಆಫೀಸಿನ ಅಂಗಿ ಇತ್ತು, ಮೊಳೆಯಲ್ಲಿ ಕಾರಿನ ಕೀಲಿ ಇತ್ತು. ಹತ್ತುವವನಲ್ಲ ಎಂದವರು ಒಳಗೆ ಕೂತಿದ್ದರು. ಕೊನೆಗೆ ಪಟ್ಟಿಯ ಸದ್ದು ಹತ್ತಿರವಾಯಿತು. ಅಪ್ಪಯ್ಯ ಕೀಲಿ ತೆಗೆದುಕೊಂಡು ಬಂದರು, ಬಗಲಲ್ಲಿ ಕಾಗದದಲ್ಲಿ ಸುತ್ತಿದ ಏನೋ ಇತ್ತು, ಅದನ್ನು ಹಿಂದಿನ ಸೀಟಿಗೆ ಹಾಕಿದರು. ಕಾಲನ್ನು ಎತ್ತಿ ಒಳಗಿಟ್ಟರು. ಕನ್ನಡಿ ನೋಡಲಿಲ್ಲ. ನನಗೆ ಪಕ್ಕದ ಸೀಟು ತೋರಿಸಿದರು.

ಕಡ್ಡಿ ಡಿ ಅಕ್ಷರಕ್ಕೆ ಬಂದಾಗ ಕೆಳಗೆ ಎಲ್ಲೋ ಟಕ್ ಎಂದು ಹಿಡಿಯಿತು. ಆ ಹಿಡಿತವನ್ನು ಸೀಟಿನ ಮೂಲಕ ನನ್ನ ಬೆನ್ನು ಮೊದಲು ತಿಳಿಯಿತು. ನಿಂಬೆಹಣ್ಣುಗಳು ಒಡೆದವು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಗೋಡೆಯಾಚೆಯಿಂದ ಸೆಲ್ವಂ ಮಾಮ ಸಿಳ್ಳೆ ಹಾಕಿದರು. ಅಪ್ಪಯ್ಯ ಸುತ್ತುದಾರಿ ಹಿಡಿಯಲಿಲ್ಲ, ನೇರ ಹೊಳೆಯ ಸೇತುವೆಗೆ ಹೋದರು. ಏರಿನಲ್ಲಿ ಇಂಜಿನ್ ಹೇಳಿದ್ದನ್ನು ಚಕ್ರ ಕೇಳಿತು. ಕಾರು ಒಂದೇ ಉಸಿರಿನಲ್ಲಿ ಮೇಲೆ ಬಂತು. ನಾನು ಅವರ ಮುಖ ನೋಡಿದೆ, “ಇದು ಕೆಲಸ” ಎನ್ನುತ್ತಾರೆಂದು. ಅವರ ಕಣ್ಣು ರಸ್ತೆಯ ಮೇಲಿತ್ತು. ಕಾರು ಚೆನ್ನಾಗಿ ಓಡಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ಆ ಕಾರು ಅವರು ನಿವೃತ್ತರಾಗುವವರೆಗೂ ಒಂದು ದಿನವೂ ಕೈಕೊಡಲಿಲ್ಲ. ಎಷ್ಟೋ ಸಲ ನನಗೆ ಅನ್ನಿಸಿದೆ, ಒಂದು ಪ್ಲೇಟನ್ನು ಸ್ವಲ್ಪ ಕೆಟ್ಟದಾಗಿ ಕೂರಿಸಿದ್ದರೆ, ಕಾರು ಮತ್ತೆ ಸೇತುವೆಯ ಮೇಲೆ ನಿಂತಿದ್ದರೆ, ಅವರು ನನ್ನನ್ನು ಕಿವಿ ಹಿಡಿದು ಶಾಲೆಗೆ ನೂಕಬಹುದಿತ್ತು. ಅಷ್ಟು ಚೆನ್ನಾಗಿ ಮಾಡಿ ನಾನು ಅವರಿಗೆ ಬೈಯುವ ದಾರಿಯನ್ನೂ ಮುಚ್ಚಿಬಿಟ್ಟೆ.

ವಾಪಸು ಬರುವಾಗ ಅವರು ಮನೆಯ ದಾರಿ ಬಿಟ್ಟು ಶಾಲೆಯ ತಿರುವಿನಲ್ಲಿ ತಿರುಗಿದರು. ಭಾನುವಾರ, ಗೇಟಿಗೆ ಬೀಗ, ಒಳಗೆ ಧ್ವಜಸ್ತಂಭದ ಹತ್ತಿರ ಒಂದು ಬೆಕ್ಕು. ಗೇಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ, ಬ್ರೇಕ್ ಒತ್ತಿ ಹಿಡಿದುಕೊಂಡರು.

“ಹಿಂದಿನ ಸೀಟಿನಲ್ಲಿ ನಿನ್ನ ಶೂ ಉಂಟು,” ಅಂದರು. “ಹೆಡ್‌ಮಾಸ್ಟರ ಹತ್ತಿರ ನಾನು ಮಾತಾಡಿ ಆಗಿದೆ. ನಾಳೆ ನಾನೇ ಬಿಡ್ತೇನೆ, ಈ ಕಾರಿನಲ್ಲಿ. ಹೂಂ ಅನ್ನು ಮಗಾ.”

ಕಾರು ಗೇರಿನಲ್ಲೇ ಇತ್ತು. ಆಟೋಮ್ಯಾಟಿಕ್ ಕಾರು ಗೇರಿನಲ್ಲಿದ್ದರೆ ಸುಮ್ಮನಿರುವುದಿಲ್ಲ, ಮುಂದೆ ಹೋಗಲು ಎಳೆಯುತ್ತಲೇ ಇರುತ್ತದೆ. ಅದನ್ನು ಅವರು ಬಲಗಾಲಿನಿಂದ ತಡೆದು ಹಿಡಿದಿದ್ದರು. ಇದ್ದ ಒಂದೇ ಕಾಲು, ಮೊಣಕಾಲು ಸಣ್ಣಗೆ ನಡುಗುತ್ತಿತ್ತು. ನಾನು ಶೂ ಕಡೆ ತಿರುಗಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರ ಮೊಣಕಾಲನ್ನೇ ನೋಡುತ್ತಾ, ಕೆಳಗಿನ ಸದ್ದನ್ನು ಕೇಳುತ್ತಾ, ನನ್ನ ಬಾಯಿಂದ ಬಂದದ್ದು ಇದು:

“ಇಷ್ಟು ಹೊತ್ತು ಬ್ರೇಕ್ ಹಿಡಿದಿದ್ದರೆ ಎಣ್ಣೆ ಬಿಸಿಯಾಗ್ತದೆ ಅಪ್ಪಯ್ಯ. ಗೇರ್ ತೆಗೆಯಿರಿ.”

ಅವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಮಗನ ಉತ್ತರಕ್ಕೆ ಕಾದಿದ್ದವರಿಗೆ ಮೆಕ್ಯಾನಿಕ್ ಉತ್ತರ ಕೊಟ್ಟಿದ್ದ. “ಹೌದಾ,” ಅಂದರು ಸಣ್ಣ ದನಿಯಲ್ಲಿ, ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳಿ ತಿಳಿದವರ ಹಾಗೆ. ಗೇರ್ ತೆಗೆಯಲಿಲ್ಲ. ಬ್ರೇಕಿನಿಂದ ಕಾಲು ಎತ್ತಿದರು, ಅಷ್ಟೇ. ಆಕ್ಸಿಲರೇಟರನ್ನು ಅವರು ಮುಟ್ಟಲಿಲ್ಲ. ನಾನು ಕಟ್ಟಿದ ಗೇರ್‌ಬಾಕ್ಸು ತಾನಾಗಿಯೇ ನಮ್ಮಿಬ್ಬರನ್ನೂ, ಹಿಂದಿನ ಸೀಟಿನ ಶೂಗಳನ್ನೂ, ನಡೆಯುವವರ ವೇಗದಲ್ಲಿ, ಎಲ್ಲೂ ಜಾರದೆ ಶಾಲೆಯ ಗೇಟು ದಾಟಿಸಿಕೊಂಡು ಹೋಯಿತು.